ಕಳುಹಿಸಲು ಬಾಕಿ: ಒಂದು ರೆಕಾರ್ಡಿಂಗ್

ನನ್ನ ಫೋನಿಗೆ ಆ ಆ್ಯಪ್ ಹಾಕಿಕೊಟ್ಟವಳು ಮಗಳು. ಅವಳಿಗೆ ಮಡಿಕೇರಿಯಲ್ಲಿ ಆಫೀಸು ಕೆಲಸ. ವಾರವಿಡೀ ಅಲ್ಲೇ ಬಾಡಿಗೆ ಕೋಣೆಯಲ್ಲಿದ್ದು, ಶನಿವಾರ ಮಧ್ಯಾಹ್ನದ ಬಸ್ಸಿಗೆ ಮೂರ್ನಾಡಿಗೆ ಬಂದು, ಅಲ್ಲಿಂದ ಆಟೋ ಹಿಡಿದು ಮನೆ ಸೇರುತ್ತಾಳೆ. ಬಂದವಳು ಕಾಲು ತೊಳೆಯುವ ಮೊದಲೇ ನನ್ನ ಫೋನು ಕೇಳುತ್ತಾಳೆ. ಅದರಲ್ಲಿ ನಾನು ಏನೇನು ಕೆಡಿಸಿದ್ದೇನೆ ಎಂದು ನೋಡಿ, ಬೈದು, ಸರಿ ಮಾಡಿ, ಆಮೇಲೆ ಊಟಕ್ಕೆ ಕೂರುತ್ತಾಳೆ.

ಆ ಶನಿವಾರ ಅವಳು ಹಾಕಿದ್ದು ಹೆಂಗಸರ ಸುರಕ್ಷತೆಯ ಆ್ಯಪ್. ಅಪಾಯ ಬಂದಾಗ ಫೋನನ್ನು ಮೂರು ಸಲ ಜೋರಾಗಿ ಅಲ್ಲಾಡಿಸಿದರೆ ಸಾಕಂತೆ, ಸದ್ದಿಲ್ಲದೆ ಮಾತೂ ಚಿತ್ರವೂ ರೆಕಾರ್ಡ್ ಆಗಲು ಶುರುವಾಗುತ್ತದಂತೆ. ನಾವು ಮೊದಲೇ ಬರೆದಿಟ್ಟ ಮೂರು ಜನರಿಗೆ ‘ಇವರು ಅಪಾಯದಲ್ಲಿದ್ದಾರೆ’ ಎಂಬ ಸಂದೇಶ ಹೋಗುತ್ತದೆ, ನಾವಿರುವ ಜಾಗದ ನಕ್ಷೆ ಹೋಗುತ್ತದೆ, ಹಿಂದೆಯೇ ರೆಕಾರ್ಡಿಂಗೂ ಹೋಗುತ್ತದೆ. ಆ ಮೂವರಿಗೆ ಆ್ಯಪಿನ ಕನ್ನಡದಲ್ಲಿ ‘ನಂಬಿಕಸ್ಥರು’ ಎಂದು ಹೆಸರು. ಮಗಳು ತನ್ನ ನಂಬರು ಮೊದಲು ಹಾಕಿಕೊಂಡಳು. ಎರಡನೆಯದು ನನ್ನ ಗಂಡನದು, ಅವರದು ಗುಂಡಿ ಒತ್ತುವ ಹಳೇ ಫೋನಾದ್ದರಿಂದ ಅದಕ್ಕೆ ಬರೀ ಸಂದೇಶ. ಮೂರನೆಯವರು ಯಾರು ಎಂದಾಗ ಅವಳು ಕುಶಾಲನಗರದಲ್ಲಿರುವ ನನ್ನ ತಮ್ಮನ ಹೆಸರು ಹೇಳಿದಳು. ನನಗೆ ಸಿಟ್ಟು ಬಂತು. ಅವನು ಅಲ್ಲಿಂದ ಕಾರು ತೆಗೆದು ಇಲ್ಲಿಗೆ ಮುಟ್ಟುವಷ್ಟರಲ್ಲಿ ಆನೆ ನನ್ನನ್ನು ತುಳಿದು, ಹಲಸಿನ ಹಣ್ಣು ತಿಂದು, ಕಾಡಿಗೆ ಹೋಗಿ ಮಲಗಿರುತ್ತದೆ ಎಂದೆ.

ಇದು ಆನೆಗೆ ಮಾಡಿದ ಆ್ಯಪ್ ಅಲ್ಲ, ಗಂಡಸರಿಗೆ ಮಾಡಿದ್ದು ಎಂದು ಮಗಳು ನಕ್ಕಳು. ಇರಬಹುದು. ಆದರೆ ಐವತ್ಮೂರು ವರ್ಷದಲ್ಲಿ ಈ ಊರಿನಲ್ಲಿ ನನ್ನನ್ನು ಅಟ್ಟಿಸಿಕೊಂಡು ಬಂದದ್ದು ಎರಡು ಸಲ ಆನೆ, ಒಂದು ಸಲ ಕಣಜದ ಹುಳ. ಹಾಗಾಗಿ ಮೂರನೆಯ ನಂಬಿಕಸ್ಥರಾಗಿ ನಾನು ಪಕ್ಕದ ತೋಟದ ಭಾವನ ನಂಬರು ಹಾಕಿಸಿದೆ. ಸ್ವಂತ ಭಾವನಲ್ಲ, ಊರ ಲೆಕ್ಕದಲ್ಲಿ ಭಾವ. ಹತ್ತಿರ ಇರುವುದೂ ಅವರ ಮನೆಯೇ, ಕೋವಿ ಇರುವುದೂ ಅವರ ಮನೆಯಲ್ಲೇ. ನಮ್ಮ ಕಡೆ ನಂಬಿಕಸ್ಥ ಎಂದರೆ ಕರೆದರೆ ಐದು ನಿಮಿಷದಲ್ಲಿ ಕೋವಿ ಹಿಡಿದು ಬರುವವನು. ಮಗಳಿಗೆ ಇದು ಒಪ್ಪಿಗೆಯಾಗಲಿಲ್ಲ, ಆದರೂ ಹಾಕಿದಳು.

ಭಾವನ ವಿಷಯ ಸ್ವಲ್ಪ ಹೇಳಬೇಕು. ಯಾರ ತೋಟಕ್ಕೆ ಆನೆ ಬಂತು ಎಂದರೂ ಉಣ್ಣುತ್ತಿದ್ದವರು ಎದ್ದು ಹೊರಡುವ ಮನುಷ್ಯ. ಕೋವಿ ಇದ್ದರೂ ಆನೆಗೆ ಗುರಿಯಿಟ್ಟವರಲ್ಲ. ಗಾಳಿಯಲ್ಲಿ ಒಂದು ಹೊಡೆದು, ಪಟಾಕಿ ಹಚ್ಚಿ, ಕಾಡಿನ ಗಡಿಯವರೆಗೂ ಕೂಗಿಕೊಂಡು ಹೋಗಿ ಬಿಟ್ಟುಬರುತ್ತಾರೆ. ಊರಿಗೆಲ್ಲ ಇಷ್ಟು ಆಗುವವರು ಮನೆಯೊಳಗೆ ಮಾತ್ರ ಬೇರೆ. ಮಾಡು ಸೋರುತ್ತದೆ ಎಂದರೆ ‘ನೋಡುವ’, ಆಮೇಲೆ ಅದರ ಸುದ್ದಿಯಿಲ್ಲ. ಹೆಂಡತಿಗೆ ಜ್ವರ ಎಂದರೆ ‘ನೋಡುವ’. ಕೆಟ್ಟವರಲ್ಲ, ಬೈಯುವವರಲ್ಲ, ಕುಡಿಯುವವರೂ ಅಲ್ಲ. ಮನೆಯ ಮಾತು ಅವರ ಕಿವಿಯವರೆಗೆ ಹೋಗಿ ಅಲ್ಲೇ ನಿಲ್ಲುತ್ತದೆ. ಅವರ ಹೆಂಡತಿ, ನಾನು ಅಕ್ಕ ಎಂದು ಕರೆಯುವವಳು, ಕುಶಾಲನಗರದ ಕಡೆಯ ಹೆಣ್ಣು. ಮದುವೆಯಾಗಿ ಬಂದು ಮೂವತ್ತು ವರ್ಷವಾದರೂ ನಮ್ಮ ಮನೆಮಾತಾದ ಅರೆಭಾಷೆ ಅವಳ ಬಾಯಿಗೆ ಪೂರ್ತಿ ಹತ್ತಲಿಲ್ಲ. ಕೊನೆಗೆ ನಾವೇ ಸೋತು, ಅವಳ ಜೊತೆ ಬೆರಕೆ ಕನ್ನಡ ಮಾತಾಡುತ್ತೇವೆ.

ಎರಡೂ ಮನೆಗೆ ನಾಲ್ಕು ನಾಲ್ಕು ಎಕರೆ ಕಾಫಿ. ಇಷ್ಟಕ್ಕೆ ಕುಯ್ಲಿನ ಕಾಲದಲ್ಲಿ ಆಳು ಹುಡುಕಿಕೊಂಡು ಹೋದರೆ ನಗುತ್ತಾರೆ, ದೊಡ್ಡ ಎಸ್ಟೇಟಿನವರು ವ್ಯಾನು ಕಳಿಸಿ ಎಲ್ಲರನ್ನೂ ಹೊತ್ತುಕೊಂಡು ಹೋಗಿರುತ್ತಾರೆ. ಹಾಗಾಗಿ ನಮ್ಮದು ಮುಯ್ಯಿ. ಅಕ್ಕ ನಮ್ಮಲ್ಲಿ ಒಂದು ದಿನ ಕುಯ್ದರೆ ನಾನು ಅವರಲ್ಲಿ ಒಂದು ದಿನ. ಮದುವೆಯಾದ ಮೇಲೆ ಹೆರಿಗೆಗಳನ್ನು ಬಿಟ್ಟರೆ ಈ ಮುಯ್ಯಿ ತಪ್ಪಿದ್ದಿಲ್ಲ. ಮುಯ್ಯಿ ತಪ್ಪಿಸುವುದೆಂದರೆ ನಿನ್ನ ಮನೆಯ ಮೆಟ್ಟಿಲು ಇನ್ನು ಹತ್ತುವುದಿಲ್ಲ ಎಂದು ಹೇಳಿದ ಹಾಗೆ.

ಆ್ಯಪ್ ಹಾಕಿದ ಮೇಲಿನ ಬುಧವಾರ ಅಕ್ಕ ನಮ್ಮಲ್ಲಿಗೆ ಬಂದಿದ್ದಳು. ಸುತ್ತ ಆನೆಗಳಿವೆ ಎಂದು ಸುದ್ದಿ ಇದ್ದುದರಿಂದ ಫೋನು ಇಲ್ಲದೆ ತೋಟಕ್ಕಿಳಿಯಬಾರದು ಎಂದು ನನ್ನ ಗಂಡನ ಕಟ್ಟಪ್ಪಣೆ. ಸೀರೆಯ ಮೇಲೆ ಹಾಕಿಕೊಳ್ಳುವ ಅವರ ಹಳೇ ತುಂಬುತೋಳಿನ ಅಂಗಿಯ ಜೇಬಿನಲ್ಲಿ ಫೋನು ಇಳಿಬಿಟ್ಟೆ. ರೋಬಸ್ಟಾ ಕಾಫಿ ಕುಯ್ಯುವುದು ಹೇಗೆಂದು ನೋಡಿದವರಿಗೆ ಗೊತ್ತು. ಕೊಂಬೆ ಬಗ್ಗಿಸಿ, ಹಣ್ಣು ಸರ್ರೆಂದು ಎಳೆದು, ಕೊಂಬೆ ಬಿಟ್ಟರೆ ಅದು ಹಾರಿ ಎದೆಗೇ ಬಡಿಯುತ್ತದೆ. ಅಂಥ ಬಡಿತ ನಿಮಿಷಕ್ಕೆ ಹತ್ತು. ಜೇಬಿನೊಳಗಿನ ಆ್ಯಪ್ ಇದನ್ನೆಲ್ಲ ಏನೆಂದು ತಿಳಿಯಿತೋ. ಯಾರೋ ನನ್ನನ್ನು ಹಿಡಿದು ಜಪ್ಪುತ್ತಿದ್ದಾರೆ ಎಂದೇ ತಿಳಿದಿರಬೇಕು.

ಹತ್ತು ಗಂಟೆಯ ಕಾಫಿ ಕುಡಿದು ಮತ್ತೆ ಸಾಲಿಗಿಳಿದಿದ್ದೆವು. ನಾನು ಏನೋ ನನ್ನ ನಾದಿನಿಯ ಪುರಾಣ ಹೇಳುತ್ತಿದ್ದೆ. ಪಕ್ಕದ ಗಿಡದಲ್ಲಿ ಕೈ ನಿಂತದ್ದು ಗೊತ್ತಾಗಿ ತಿರುಗಿದೆ. ಅಕ್ಕ ಕೊಂಬೆ ಹಿಡಿದುಕೊಂಡು ಸುಮ್ಮನೆ ನಿಂತಿದ್ದಳು.

"ಎಡಗಡೆ ಎದೇಲಿ ಒಂದು ಗಂಟು ಉಂಟು," ಎಂದಳು. "ಮಳೆಗಾಲದಿಂದ ಉಂಟು. ನೋವಿಲ್ಲ. ಈಗ ಸ್ವಲ್ಪ ದೊಡ್ಡ ಆಗಿದೆ."

ಆಮೇಲೆ ನಾನು ಆಡಿದ್ದೆಲ್ಲ ಬೈಗುಳ. ಮಳೆಗಾಲದಿಂದ ಇಟ್ಟುಕೊಂಡು ಕೂತಿದ್ದೀಯಲ್ಲ, ನಿನಗೆ ತಲೆ ಇದೆಯಾ, ನಾಳೆಯೇ ಮಡಿಕೇರಿ ಆಸ್ಪತ್ರೆಗೆ ಹೊರಡು ಎಂದೆ. ಅವಳು ಕೇಳಲಿಲ್ಲ. ಅವಳ ಮಗಳ ಮದುವೆ ಕುಯ್ಲು ಮುಗಿದ ಮೇಲೆ ಎಂದು ನಿಶ್ಚಯವಾಗಿತ್ತು. ಗಂಡಿನ ಕಡೆಯವರ ಕಿವಿಗೆ ಬಿದ್ದರೆ ತಾಯಿಗೆ ಇಂಥ ಕಾಯಿಲೆಯಂತೆ, ಮಗಳಿಗೂ ಬರಬಹುದಂತೆ ಎಂದು ಮಾತು ತೆಗೆಯುತ್ತಾರೆ, ಮದುವೆ ಮುಗಿಯಲಿ, ಆಮೇಲೆ ಎಲ್ಲಿಗೆ ಬೇಕಾದರೂ ಬರುತ್ತೇನೆ ಎಂದಳು. ಭಾವನಿಗೆ ಗೊತ್ತಾ ಎಂದು ಕೇಳಿದೆ. ಇಲ್ಲ ಎಂದು ತಲೆಯಾಡಿಸಿದಳು. ಯಾರಿಗೂ ಹೇಳುವುದಿಲ್ಲ ಎಂದು ನನ್ನಿಂದ ಕಾವೇರಮ್ಮನ ಮೇಲೆ ಆಣೆ ಹಾಕಿಸಿಕೊಂಡು ಮತ್ತೆ ಕುಯ್ಯಲು ತೊಡಗಿದಳು. ನಮ್ಮಲ್ಲಿ ಕಾವೇರಮ್ಮನ ಆಣೆ ಆಟದ ಮಾತಲ್ಲ.

ಸಂಜೆ ಕೈಯ ಅಂಟು ತೊಳೆದು ಫೋನು ತೆಗೆದಾಗ ಅದರ ಮೇಲೆ ಕೆಂಪು ಪಟ್ಟಿ. ‘ಕಳುಹಿಸಲು ಬಾಕಿ: ಒಂದು ರೆಕಾರ್ಡಿಂಗ್. ನಲವತ್ತೊಂದು ನಿಮಿಷ. ನೆಟ್‌ವರ್ಕ್ ಬಂದ ತಕ್ಷಣ ನಂಬಿಕಸ್ಥರಿಗೆ ಕಳುಹಿಸಲಾಗುವುದು.’ ಏನಿದು ಎಂದು ಒತ್ತಿದೆ. ಮೊದಲು ಎಲೆಯ ಸದ್ದು, ಚೀಲಕ್ಕೆ ಹಣ್ಣು ಬೀಳುವ ಸದ್ದು. ಚಿತ್ರದಲ್ಲಿ ಜೇಬಿನ ಅಂಚು, ಆಕಾಶ, ಒಂದೊಂದು ಸಲ ನನ್ನ ಗಲ್ಲ. ನನ್ನ ದನಿ ನನಗೇ ಅಸಹ್ಯವಾಗುವಷ್ಟು ಹೊತ್ತು ನಾದಿನಿಯನ್ನು ಆಡಿಕೊಂಡಿತು. ಆಮೇಲೆ ಅಕ್ಕನ ದನಿ ಬಂತು, ಗಂಟು, ಮಳೆಗಾಲ, ನೋವಿಲ್ಲ ಎಂದೆಲ್ಲ, ಒಂದಕ್ಷರ ಬಿಡದೆ. ನಂಬಿಕಸ್ಥ ಎಂದು ನಾನೇ ಹಟ ಹಿಡಿದು ಬರೆಸಿದ ಮೂರನೆಯ ನಂಬರು ಅವಳ ಗಂಡನದು.

ನಮ್ಮ ಮನೆಯಲ್ಲೂ ತೋಟದಲ್ಲೂ ಸಿಗ್ನಲ್ ಇಲ್ಲ. ಅದಕ್ಕಾಗಿ ವರ್ಷಗಟ್ಟಲೆ ಬೈದುಕೊಂಡವಳು ಅವತ್ತು ಮೊದಲ ಸಲ ದೇವರಿಗೆ ಕೈ ಮುಗಿದೆ. ಸಿಗ್ನಲ್ ಸಿಗುವುದು ಮೇಲಿನ ರಸ್ತೆಯಲ್ಲಿ, ಮೋರಿ ಇರುವ ತಿರುವಿನಲ್ಲಿ. ಆ ತಿರುವಿಗೆ ಒತ್ತಿಕೊಂಡೇ ಅಕ್ಕನವರ ತೋಟ ಇರುವುದರಿಂದ ಅವರು ಕಾಫಿ ಒಣಗಿಸುವ ಕಣದವರೆಗೂ ಎರಡು ಗೀಟು ಬರುತ್ತದೆ. ಅಂದರೆ ನನ್ನ ಫೋನು ಮೋರಿಯ ಹತ್ತಿರ ಹೋಗದಿದ್ದರೆ ಸಾಕು ಎಂದುಕೊಂಡೆ. ಎಷ್ಟು ಸುಲಭ ಎಂದುಕೊಂಡೆ.

ಅಳಿಸಿಬಿಡೋಣ ಎಂದು ನೋಡಿದರೆ ಆ್ಯಪ್ ಪಿನ್ ಕೇಳಿತು. ಪಿನ್ ಹಾಕುವಾಗ ಮಗಳು ಹೇಳಿದ್ದಳು, ನಾನು ಹೂಂ ಹೂಂ ಎಂದಿದ್ದೆ. ನನ್ನ ಹುಟ್ಟಿದ ವರ್ಷ ಒತ್ತಿದೆ, ತಪ್ಪು. ಮದುವೆಯ ವರ್ಷ ಒತ್ತಿದೆ, ತಪ್ಪು. ಮಗಳು ಹುಟ್ಟಿದ ವರ್ಷ ಒತ್ತಿದಾಗ ಫೋನು ಒಮ್ಮೆ ಗರ್ರೆಂದು ನಡುಗಿ, ನನ್ನ ಮುಖದ ಫೋಟೋ ತೆಗೆದು, ‘ಅಪರಿಚಿತ ವ್ಯಕ್ತಿಯಿಂದ ಪ್ರಯತ್ನ. ಕಳುಹಿಸಲು ಬಾಕಿ: ಒಂದು ರೆಕಾರ್ಡಿಂಗ್, ಒಂದು ಚಿತ್ರ’ ಎಂದಿತು. ನನ್ನ ಫೋನಿನಲ್ಲಿ ನಾನೇ ಅಪರಿಚಿತಳು. ಫೋಟೋದಲ್ಲಿ ಕಣ್ಣು ಕೆಂಪಾಗಿ, ಕೂದಲು ಕೆದರಿ, ನಿಜವಾಗಿಯೂ ಕಳ್ಳಿಯ ಹಾಗೆಯೇ ಕಾಣುತ್ತಿದ್ದೆ. ಸ್ವಿಚ್ ಆಫ್ ಮಾಡಿದೆ. ಆದರೆ ಕಳ್ಳ ಆಫ್ ಮಾಡಿದರೂ ಇದು ಬಿಡುವುದಿಲ್ಲ ಎಂದು ಮಗಳು ಹೆಮ್ಮೆಯಿಂದ ಹೇಳಿದ್ದು ನೆನಪಾಗಿ, ಆಫ್ ಆದ ಫೋನನ್ನು ಅಕ್ಕಿ ಡಬ್ಬಿಯೊಳಗೆ ಹೂತಿಟ್ಟೆ. ಅಕ್ಕಿಯಿಂದ ಏನು ತಡೆಯಾಗುತ್ತದೆ ಎಂದು ಕೇಳಬೇಡಿ.

ಗುರುವಾರ ಬೆಳಿಗ್ಗೆ ಗಂಡನ ಫೋನು ಇಸಿದುಕೊಂಡು ಮೋರಿಯ ಹತ್ತಿರ ಹೋಗಿ ಮಗಳಿಗೆ ಮಾಡಿದೆ. ಒಂದು ರೆಕಾರ್ಡಿಂಗ್ ಅಳಿಸುವುದು ಹೇಗೆ ಎಂದು ಕೇಳಿದ್ದೇ ತಪ್ಪಾಯಿತು. ಯಾರು ಏನು ಮಾಡಿದರು, ಯಾಕೆ ಮುಚ್ಚಿಡುತ್ತಿದ್ದೀರಿ, ಹೆದರಬೇಡಿ, ಅದು ಸಾಕ್ಷಿ, ಅಳಿಸಲೇಬಾರದು ಎಂದು ಅವಳು ಶುರುಮಾಡಿದಳು. ಏನೂ ಆಗಿಲ್ಲ, ಕಾಫಿ ಕೊಂಬೆ ಬಡಿದದ್ದು ಎಂದರೆ ನಂಬಲು ತಯಾರಿಲ್ಲ. ಅವಳಿಗೆ ನಿಜ ಹೇಳುವ ಹಾಗಿಲ್ಲ. ಮದುಮಗಳಾಗುವ ಅಕ್ಕನ ಮಗಳೂ ಇವಳೂ ಒಂದೇ ಬೆಂಚಿನಲ್ಲಿ ಓದಿದವರು, ಇವಳಿಗೆ ಗೊತ್ತಾದರೆ ಅವಳಿಗೆ ಗೊತ್ತಾದ ಹಾಗೆಯೇ. ಕೊನೆಗೆ ಅತ್ತು ಕರೆದು ಪಿನ್ ಹೇಳಿಸಿಕೊಂಡೆ. ಅದು ನಮ್ಮ ಹಳೇ ಜೀಪಿನ ನಂಬರು.

ಮನೆಗೆ ಓಡಿ ಬಂದು, ಅಕ್ಕಿ ಕೊಡವಿ, ಫೋನು ಆನ್ ಮಾಡಿ, ಪಿನ್ ಒತ್ತಿದೆ. ‘ನಿಮ್ಮ ಮಾಧ್ಯಮವನ್ನು ನಿರ್ವಹಿಸಿ’ ಎಂಬ ಪುಟ ತೆರೆಯಿತು. ಆ ಮಾತಿಗೆ ಅರ್ಥ ಏನೆಂದು ದೇವರಿಗೇ ಗೊತ್ತು. ಕಸದ ಡಬ್ಬಿಯ ಗುರುತು ಹುಡುಕಿ ಒತ್ತಿದೆ. ‘ನಿಮ್ಮ ಸುರಕ್ಷತೆಗಾಗಿ, ಅಳಿಸಲು ಒಬ್ಬ ನಂಬಿಕಸ್ಥರ ಒಪ್ಪಿಗೆ ಬೇಕು. ಒಪ್ಪಿಗೆ ಕೋರಲು ನೆಟ್‌ವರ್ಕ್ ಬೇಕು’ ಎಂದಿತು. ಎರಡು ಸಲ ಓದಿದೆ, ಮೂರನೇ ಸಲ ಜೋರಾಗಿ ಓದಿದೆ. ಅಳಿಸಬೇಕಾದರೆ ಮೋರಿಗೆ ಹೋಗಬೇಕು, ಮೋರಿಗೆ ಹೋದರೆ ಅದು ಅಳಿಸುವ ಮೊದಲೇ ಹೋಗಿಬಿಡುತ್ತದೆ, ಹೋಗದಿದ್ದರೂ ಯಾರಾದರೂ ಒಬ್ಬರು ಒಪ್ಪಬೇಕು, ಒಪ್ಪುವ ಮೊದಲು ಏನಿದೆ ಎಂದು ಕೇಳದೆ ಇರುತ್ತಾರೆಯೇ. ನಾನೇ ಹಗ್ಗ ಕೊಟ್ಟು ಕೈ ಕಟ್ಟಿಸಿಕೊಂಡಿದ್ದೆ. ಫೋನು ಮತ್ತೆ ಆಫ್ ಆಗಿ ಅಕ್ಕಿಯೊಳಗೆ ಹೋಯಿತು.

ಇಷ್ಟೇ ಆಗಿದ್ದರೆ ಇದು ನಗುವ ಕಥೆ. ಆದರೆ ಆ ಎರಡು ದಿನ ನನ್ನೊಳಗೆ ಇನ್ನೊಂದು ಮಾತು ನಡೆಯುತ್ತಿತ್ತು, ಅದನ್ನು ಯಾರಿಗೂ ಹೇಳಿಲ್ಲ. ಹೋಗಲಿ ಬಿಡು ಎಂದು ಆ ಮಾತು. ನೀನಾಗಿ ಹೇಳಿದರೆ ಆಣೆ ಮುರಿದ ಹಾಗೆ. ಫೋನು ತಾನಾಗಿ ಹೇಳಿದರೆ ನಿನ್ನ ತಪ್ಪೇನು? ಮೋರಿಯ ಹತ್ತಿರ ಡೈರಿಗೆ ಹಾಲು ಹಾಕಲು ಹೋಗುವುದು ನಿತ್ಯದ ದಾರಿ, ಜೇಬಿನಲ್ಲಿ ಫೋನು ಇದ್ದಿತು, ಹೋಯಿತು. ಭಾವನಿಗೆ ಗೊತ್ತಾದರೆ ಅವಳು ಆಸ್ಪತ್ರೆಗೆ ಹೋಗುತ್ತಾಳೆ, ಬದುಕುತ್ತಾಳೆ. ಮದುವೆ ಮುಗಿಯುವವರೆಗೆ ಕಾದರೆ ಆ ಗಂಟು ಕಾಯುತ್ತದೆಯೇ? ಹೀಗೆ ಅಂದುಕೊಂಡು ಶುಕ್ರವಾರ ಬೆಳಗಿನ ಜಾವ ಫೋನು ಹಿಡಿದು ಗೇಟಿನವರೆಗೆ ಹೋದೆ ಕೂಡ. ಹೋದವಳಿಗೆ ಬೇರೆ ಯೋಚನೆ ಬಂತು. ಗೊತ್ತಾದರೂ ಭಾವ ‘ನೋಡುವ’ ಎಂದರೆ? ಮದುವೆ ನಿಂತರೆ? ಮೂವತ್ತು ವರ್ಷದಲ್ಲಿ ಅವಳು ನನ್ನ ಹತ್ತಿರ ಮೊದಲ ಸಲ ಏನೋ ಇಟ್ಟುಕೋ ಎಂದು ಕೊಟ್ಟಿದ್ದಾಳೆ, ಅದನ್ನೂ ಉಳಿಸಿಕೊಳ್ಳಲಾರದವಳೇ ನಾನು? ವಾಪಸು ಬಂದು ಮತ್ತೆ ಅಕ್ಕಿ ಡಬ್ಬಿ ತೆರೆದೆ. ಅವಳ ಜೀವ ಉಳಿಸುವುದು ದೊಡ್ಡದೋ ಮಾತು ಉಳಿಸುವುದು ದೊಡ್ಡದೋ ಎಂದು ಯಾರಾದರೂ ಕೇಳಿದರೆ ಯಾವ ಮಗುವೂ ಉತ್ತರ ಹೇಳುತ್ತದೆ. ನನಗೆ ಮಾತ್ರ ಆ ದಿನ ಗೊತ್ತಾಗಲಿಲ್ಲ.

ಅವತ್ತು ಅಕ್ಕನವರಲ್ಲಿ ನನ್ನ ಮುಯ್ಯಿ. ಅವರ ತೋಟವೆಂದರೆ ಸಿಗ್ನಲ್ಲಿನ ಬಾಯೊಳಗೆ ಹೋದ ಹಾಗೆ. ಫೋನು ಬಿಟ್ಟು ಹೋಗೋಣವೆಂದರೆ ಹಿಂದಿನ ದಿನ ಹಾಲು ಹಾಕಲು ಬರಿಗೈಯಲ್ಲಿ ಹೊರಟಾಗ ನನ್ನ ಗಂಡ ಅಕ್ಕಿ ಡಬ್ಬಿಯಿಂದ ಫೋನು ತೆಗೆದುಕೊಂಡು, ಅದು ಅಲ್ಲಿಗೆ ಹೇಗೆ ಹೋಯಿತೆಂದು ಬೈಯುತ್ತಾ, ಆನ್ ಮಾಡಿಕೊಂಡು ಹಿಂದೆಯೇ ಓಡಿ ಬಂದಿದ್ದರು. ಮೋರಿಗೆ ಇಪ್ಪತ್ತು ಹೆಜ್ಜೆ ಇರುವಾಗ ಅವರ ಕೈಯಿಂದ ಕಿತ್ತುಕೊಂಡು, ಏನೂ ಹೇಳದೆ ವಾಪಸು ಓಡಿದ್ದೆ. ಅಂದಿನಿಂದ ಅವರು ನನ್ನನ್ನು ಒಂದು ಥರ ನೋಡುತ್ತಿದ್ದರು. ಹಾಗಾಗಿ ಶುಕ್ರವಾರ ಮೈಬಿಸಿ ಎಂದು ಹೇಳಿ ಹೊದ್ದು ಮಲಗಿದೆ. ಮೂವತ್ತು ವರ್ಷದಲ್ಲಿ ಮೊದಲ ಸಲ ಮುಯ್ಯಿ ತಪ್ಪಿತು.

ಶನಿವಾರ ಬೆಳಿಗ್ಗೆ ಹತ್ತು ಗಂಟೆಗೆ ಅಕ್ಕ ಬಂದಳು. ಜಗಲಿಗೆ ಹತ್ತಲಿಲ್ಲ. ಅಂಗಳದಲ್ಲೇ ನಿಂತು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ನಾನು ಹೊದಿಕೆಯಿಲ್ಲದೆ, ಜ್ವರವಿಲ್ಲದೆ, ಕೈಯಲ್ಲಿ ಪೊರಕೆ ಹಿಡಿದು ನಿಂತಿದ್ದೆ.

"ನಂಗೆ ಬಂದಿರೋದು ಅಂಟುರೋಗ ಅಂದ್ಕೊಂಡ್ಯಾ ನೀನು?" ಎಂದಳು.

ದನಿ ಎತ್ತಲಿಲ್ಲ. ಎತ್ತಿದ್ದರೆ ಸಹಿಸಬಹುದಿತ್ತು. ಹೇಳಬಾರದಿತ್ತು ನಿನ್ನ ಹತ್ತಿರ, ನನ್ನದೇ ತಪ್ಪು ಎಂದು ಹೇಳಿ ತಿರುಗಿದಳು. ಅವಳನ್ನು ಕೈ ಹಿಡಿದು ಒಳಗೆ ಎಳೆದುಕೊಂಡು ಬಂದು, ಅಡುಗೆಮನೆಯಲ್ಲಿ ಮಣೆ ಹಾಕಿ ಕೂರಿಸಿ, ಅಕ್ಕಿ ಡಬ್ಬಿಗೆ ಕೈ ಹಾಕಿದೆ. ಆ್ಯಪಿನಿಂದ ಶುರುಮಾಡಿ ಜೀಪಿನ ನಂಬರಿನವರೆಗೆ ಎಲ್ಲ ಹೇಳಿದೆ. ತಲೆಬುಡ ಇಲ್ಲದ ಹಾಗೆ ಹೇಳಿರಬೇಕು, ಅವಳಿಗೆ ಅರ್ಧ ಅರ್ಥವಾಗಲಿಲ್ಲ. ಕೇಳಿಸು ನೋಡುವ ಎಂದಳು. ನಾದಿನಿಯ ಪುರಾಣ ದಾಟಿಸಿ ಅವಳ ಮಾತಿಗೆ ತಂದು ಬಿಟ್ಟೆ.

ಅವಳು ತನ್ನ ದನಿಯನ್ನು ಹೀಗೆ ಕೇಳಿದ್ದು ಮೊದಲ ಸಲವಂತೆ. ಕೇಳುತ್ತಾ ಕೇಳುತ್ತಾ ಅವಳ ಮುಖ ಬೇರೆಯಾಯಿತು. ‘ಈಗ ಸ್ವಲ್ಪ ದೊಡ್ಡ ಆಗಿದೆ’ ಎಂಬಲ್ಲಿ ನಿಲ್ಲಿಸು ಎಂದಳು. ಆ ಹೆಂಗಸು ಸಾಯುತ್ತಾಳೆ ಅನ್ನಿಸ್ತದೆ ಅಲ್ವಾ, ಕೇಳಿದ್ರೆ, ಎಂದು ನನ್ನನ್ನೇ ಕೇಳಿದಳು, ಯಾರೋ ಬೇರೆಯವರ ವಿಷಯದಂತೆ.

ಇದು ಯಾರಿಗೆ ಹೋಗುತ್ತದೆ ಎಂದು ಕೇಳಿದಳು. ನನ್ನ ಮಗಳಿಗೆ, ಆಮೇಲೆ ಭಾವನಿಗೆ ಎಂದೆ. ಯಾವಾಗ ಎಂದಳು. ಮೋರಿಯ ಹತ್ತಿರ ಹೋದರೆ ಎಂದೆ. ಅವಳು ಎದ್ದು ಸೆರಗು ಕೊಡವಿಕೊಂಡಳು.

"ನಡಿ. ನನ್ನ ಬಾಯಲ್ಲಿ ಅವರತ್ರ ಹೇಳ್ಲಿಕ್ಕೆ ಆಗೋದಿಲ್ಲ. ಇದೇ ಹೇಳ್ಲಿ."

ನನ್ನ ಮಗಳಿಗೂ ಹೋಗುತ್ತದಲ್ಲ, ಅವಳಿಂದ ಮದುಮಗಳಿಗೆ ಗೊತ್ತಾಗುತ್ತದಲ್ಲ ಎಂದು ನಾನೇ ತಡೆದೆ. ಗೊತ್ತಾಗಲಿ ಎಂದಳು. ಮೂರು ದಿನ ಯಾವುದನ್ನು ಅಕ್ಕಿಯೊಳಗೆ ಹೂತಿಟ್ಟು ಕಾದಿದ್ದೆನೋ ಅದನ್ನು ಅಂಗೈಯಲ್ಲಿ ಹಿಡಿದುಕೊಂಡು ಅವಳ ಹಿಂದೆ ನಡೆದೆ. ಸಮಾಧಾನವಾಗಬೇಕಿತ್ತು. ಆಗಲಿಲ್ಲ, ಹೆದರಿಕೆಯಾಯಿತು.

ಮೋರಿಯ ಕಟ್ಟೆಯ ಮೇಲೆ ಕೂತೆವು. ಮೊದಲು ಒಂದು ಗೀಟು ಬಂತು, ಆಮೇಲೆ ಎರಡು. ಫೋನು ಒಂದೇ ಸಮನೆ ಟಿಂಗ್ ಟಿಂಗ್ ಎಂದಿತು. ‘ಅಪಾಯದ ಸಂದೇಶ: ಕಳುಹಿಸಲಾಗಿದೆ. ನಕ್ಷೆ: ಕಳುಹಿಸಲಾಗಿದೆ. ಅಪರಿಚಿತ ವ್ಯಕ್ತಿಯ ಚಿತ್ರ: ಕಳುಹಿಸಲಾಗಿದೆ.’ ರೆಕಾರ್ಡಿಂಗಿನ ಮುಂದೆ ಒಂದು ಚಕ್ರ ತಿರುಗತೊಡಗಿತು. ನಲವತ್ತೊಂದು ನಿಮಿಷದ ಮಾತು ಎರಡು ಗೀಟಿನಲ್ಲಿ ಹೋಗುವುದೆಂದರೆ ಸುಮ್ಮನೆಯೇ. ನೂರಕ್ಕೆ ನಾಲ್ಕು ಎಂದು ತೋರಿಸಿತು, ಬಹಳ ಹೊತ್ತಿನ ಮೇಲೆ ಏಳು. ಮಗಳ ಫೋನು ಬಂತು. ಏನೂ ಆಗಿಲ್ಲ, ಆಮೇಲೆ ಹೇಳುತ್ತೇನೆ ಎಂದಷ್ಟೇ ಹೇಳಿ ಇಟ್ಟೆ. ಅಕ್ಕ ಆ ಚಕ್ರವನ್ನೇ ನೋಡುತ್ತಿದ್ದಳು.

ನೂರಕ್ಕೆ ಹದಿನೆಂಟು ಆಗಿರುವಾಗ ಕೆಳಗಿನ ಕಾಫಿ ಸಾಲಿನಲ್ಲಿ ದಡದಡ ಸದ್ದಾಯಿತು. ಭಾವ ಬೇಲಿ ದಾಟಿ ರಸ್ತೆಗೆ ಹತ್ತಿದರು. ಪಂಚೆ ಎತ್ತಿ ಕಟ್ಟಿತ್ತು, ಕಾಲಿಗೆ ಚಪ್ಪಲಿ ಇಲ್ಲ, ಕಣದಲ್ಲಿ ಕಾಫಿ ಕೆದಕುತ್ತಿದ್ದ ಕೈಯಲ್ಲಿ ಕೋವಿ. ಮೊಣಕೈ ತರಚಿ ರಕ್ತ ಬರುತ್ತಿತ್ತು. ನಮ್ಮಿಬ್ಬರ ಮುಂದೆ ಬಂದು ನಿಂತು, ನಮಗೆ ಬೆನ್ನು ಹಾಕಿ, ಪೊದೆಯ ಕಡೆ ಕೋವಿ ತಿರುಗಿಸಿ, ಎಲ್ಲಿದೆ, ಎಷ್ಟಿವೆ, ಮರಿ ಇದೆಯಾ ಎಂದು ಕೇಳಿದರು. ಏದುಸಿರಿನಲ್ಲಿ ಮಾತು ತುಂಡು ತುಂಡಾಗಿ ಬರುತ್ತಿತ್ತು. ಫೋನಿನಲ್ಲಿ ಕೆಂಪಗೆ ಅಪಾಯ ಎಂದು ಬಂದದ್ದನ್ನು ಓದಿ, ನಕ್ಷೆ ನೋಡಿ, ಫೋನನ್ನು ಕಣದಲ್ಲೇ ಎಸೆದು ಬಂದಿದ್ದರು. ರೆಕಾರ್ಡಿಂಗು ಪೂರ್ತಿ ಹೋದರೂ ಅದನ್ನು ಕೇಳಲು ಅಲ್ಲಿ ಯಾರೂ ಇರಲಿಲ್ಲ.

ನಾನು ಅಕ್ಕನ ಮುಖ ನೋಡಿದೆ. ಅವಳು ಫೋನಿನ ಚಕ್ರವನ್ನು ನೋಡಿದಳು, ಆಮೇಲೆ ಗಂಡನ ಬೆನ್ನನ್ನು ನೋಡಿದಳು. ನಾನು ಹೇಳಲೇ ಎಂದು ಕಣ್ಣಲ್ಲೇ ಕೇಳಿದೆ. ಬೇಡ ಎಂದು ಕೈ ಅಡ್ಡ ಮಾಡಿದಳು.

ಆನೆ ಇಲ್ಲ, ತಿರುಗಿ ಎಂದಳು. ಅವರು ತಿರುಗಿದರು. ತೋಟದಲ್ಲಿ ನನಗೆ ಹೇಳಿದ ಅದೇ ಮಾತುಗಳಲ್ಲಿ, ಅದೇ ಕ್ರಮದಲ್ಲಿ ಅವರಿಗೆ ಹೇಳಿದಳು. ಎಡಗಡೆ, ಮಳೆಗಾಲದಿಂದ, ನೋವಿಲ್ಲ, ಈಗ ದೊಡ್ಡದಾಗಿದೆ. ನಾನು ರಸ್ತೆಯ ಆಚೆ ನೋಡುತ್ತಾ ಕೂತೆ. ಎದ್ದು ಹೋಗಬೇಕೋ ಕೂರಬೇಕೋ ತಿಳಿಯಲಿಲ್ಲ. ಭಾವ ‘ನೋಡುವ’ ಎಂದುಬಿಟ್ಟರೆ ಆ ಕೋವಿ ಕಿತ್ತುಕೊಂಡು ಮೋರಿಗೆ ಎಸೆಯಬೇಕು ಎಂದು ಮಾತ್ರ ಮನಸ್ಸಿನಲ್ಲಿ ಅಂದುಕೊಂಡದ್ದು ನೆನಪಿದೆ.

ಅವರು ಹಾಗೆ ಹೇಳಲಿಲ್ಲ. ಕೋವಿಯ ಬಾಯಿ ನೆಲದ ಕಡೆ ಇಳಿಸಿದರು. ಆಮೇಲೆ ಕೇಳಿದರು.

"ಇಷ್ಟು ದಿನ ನನ್ನತ್ರ ಯಾಕೆ ಹೇಳ್ಲಿಲ್ಲ?"

"ಆನೆ ಬಂತು ಅಂದ್ರೆ ನೀವು ಬರ್ತೀರಿ," ಎಂದಳು ಅಕ್ಕ. "ಇದಕ್ಕೆ ಬರ್ತೀರೋ ಇಲ್ವೋ ನಂಗೆ ಗೊತ್ತಿರ್ಲಿಲ್ಲ."

ಸಿಟ್ಟಿನಲ್ಲಿ ಹೇಳಿದ್ದಲ್ಲ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದ ಹಾಗೆ ಹೇಳಿದಳು. ಭಾವನ ಮುಖ ನನಗೆ ನೋಡಲಾಗಲಿಲ್ಲ. ಅವರು ಕೋವಿ ಬಾಗಿಸಿ ಗುಂಡಿನ ತೋಟಾ ತೆಗೆಯಲು ಹೋದರು. ಅದು ಕೈ ಜಾರಿ ಕೆಳಗೆ ಬಿತ್ತು, ರಸ್ತೆಯಲ್ಲಿ ಉರುಳಿಕೊಂಡು ಹೋಯಿತು. ನಾನು ಹೋಗಿ ಹೆಕ್ಕಿ ತಂದೆ. ಅದನ್ನು ಕೊಡಲು ಕೈ ಚಾಚಿದರೆ ಅವರು ಕೋವಿಯನ್ನೇ ನನ್ನ ಕೈಗೆ ಕೊಟ್ಟರು. ಅವರ ಕೋವಿಯನ್ನು ಅವರ ಮನೆಯಲ್ಲಿ ಮತ್ತೊಬ್ಬರು ಮುಟ್ಟಿದ್ದನ್ನು ನಾನು ನೋಡಿಲ್ಲ. ಆಯುಧ ಪೂಜೆಗೆ ಒರೆಸಿ ಇಡುವುದೂ ಅವರೇ.

ಅವರು ಅಕ್ಕನ ಎಡಗೈ ಹಿಡಿದುಕೊಂಡು, ಎಚ್ಚರದಿಂದ, ಅವಳಿಗೆ ಎಲ್ಲಾದರೂ ತಾಗೀತು ಎಂಬಂತೆ, ಇಳಿಜಾರಿನಲ್ಲಿ ಮನೆಯ ಕಡೆ ಹೊರಟರು. ನಿನ್ನ ಗಂಡನಿಗೆ ಜೀಪು ತೆಗೆಯಲು ಹೇಳು, ಮೈಸೂರಿನ ಆಸ್ಪತ್ರೆಗೆ ಹೋಗುವ, ಈಗಲೇ ಎಂದು ತಿರುಗಿ ನೋಡದೆ ನನಗೆ ಹೇಳಿದರು. ಮದುವೆಯ ವಿಷಯ ಅಕ್ಕ ಏನೋ ತೆಗೆದಳು, ಅವರು ಏನೋ ಹೇಳಿದರು, ನನಗೆ ಕೇಳಿಸಲಿಲ್ಲ. ಜೀಪಿಗೆ ನಾನು ನಮ್ಮ ಮನೆಯ ಕಡೆ ಓಡಬೇಕಿತ್ತು. ಆದರೆ ಕೈಯಲ್ಲಿ ಕೋವಿ ಇತ್ತು. ಅದನ್ನು ಹೆಗಲಿಗೆ ಹಾಕಬೇಕೋ ಕಂಕುಳಲ್ಲಿ ಇಟ್ಟುಕೊಳ್ಳಬೇಕೋ, ಬಾಯಿ ಮೇಲೆ ಇರಬೇಕೋ ಕೆಳಗೆ ಇರಬೇಕೋ ನನಗೆ ಗೊತ್ತಿರಲಿಲ್ಲ. ಹುಟ್ಟಿದ ಮಗುವನ್ನು ಹಿಡಿದ ಹಾಗೆ ಎರಡೂ ಕೈಯಲ್ಲಿ ಎದೆಗೆ ಒತ್ತಿ ಹಿಡಿದುಕೊಂಡು, ಜೋರಾಗಿ ಅಳುತ್ತಾ ಓಡಿದೆ.